ಕಾಣದ ಕೈಗಳ ಕೂಲಿ

ಮೇರಿ ಗ್ರೇ ಹಾಗೂ ಸಿದ್ಧಾರ್ಥ ಸೂರಿ ಅವರ ‘ಘೋಸ್ಟ್ ವರ್ಕ್’ ಎಂಬ ಇಂಗ್ಲಿಷ್ ಗ್ರಂಥ ಪ್ರಕಟವಾದುದು 2019ರಲ್ಲಿ. ಚಿತ್ರಕ್ಕೆ ಹೆಸರು ಕೊಡುವುದು, ಬಿಲ್ಲಿನ ಅಂಕಿ ತುಂಬುವುದು, ಮಾತನ್ನು ಕೇಳಿ ಅಕ್ಷರಕ್ಕಿಳಿಸುವುದು ಮುಂತಾದ ಚಿಲ್ಲರೆ ಕೆಲಸಗಳನ್ನು ಅಂತರ್ಜಾಲದ ಮೂಲಕ ಅಪರಿಚಿತರಿಂದ ಮಾಡಿಸಿಕೊಳ್ಳುವ ವ್ಯವಸ್ಥೆ ಅದರ ವಸ್ತು. ಯಂತ್ರವೇ ಮಾಡಿತೆಂದು ಜನ ನಂಬುವ ಎಷ್ಟೋ ಕೆಲಸದ ಹಿಂದೆ ಮನುಷ್ಯರ ಕೈಯಿದೆಯೆಂಬುದನ್ನು ಅಮೆರಿಕ ಮತ್ತು ಭಾರತದ ಕೆಲಸಗಾರರನ್ನು ಮಾತನಾಡಿಸಿ ಲೇಖಕರು ತೋರಿಸಿದ್ದಾರೆ. ಅವರಲ್ಲಿ ಬೆಂಗಳೂರಿನ ಗೃಹಿಣಿಯೊಬ್ಬರೂ ಇದ್ದಾರೆ. ಕನಕಪುರಕ್ಕೆ ಇದು ದೂರದ ಸಂಗತಿಯಲ್ಲ.

ಲೆಕ್ಕಕ್ಕೆ ಬಾರದ ಹೊತ್ತನ್ನು ಎತ್ತಿ ತೋರಿಸಿರುವುದೇ ಗ್ರಂಥದ ಹಿರಿಮೆ. ಅಮೆಜಾನ್ ಸಂಸ್ಥೆ 2005ರಲ್ಲಿ ಆರಂಭಿಸಿದ ‘ಮೆಕ್ಯಾನಿಕಲ್ ಟರ್ಕ್’ ಸೇವೆಯಲ್ಲಿ ಕೆಲಸ ಹುಡುಕುವ ಹೊತ್ತಿಗೆ ಕೂಲಿಯಿಲ್ಲ. ಆ ಹೊತ್ತನ್ನೂ ಸೇರಿಸಿ ಲೆಕ್ಕಹಾಕಿದ 2018ರ ಅಧ್ಯಯನವೊಂದರ ಪ್ರಕಾರ ಅರ್ಧದಷ್ಟು ಕೆಲಸಗಾರರ ಗಳಿಕೆ ಗಂಟೆಗೆ ಸುಮಾರು 2 ಡಾಲರಿಗಿಂತ ಕಡಿಮೆ. ಮಾಡಿಸಿದವನು ಕೆಲಸ ಸರಿಯಿಲ್ಲವೆಂದು ತಿರಸ್ಕರಿಸಿದರೆ ಹಣವೂ ಇಲ್ಲ; ಆದರೆ ಮಾಡಿಕೊಟ್ಟ ಕೆಲಸ ಅವನ ಕೈಯಲ್ಲೇ ಉಳಿಯುತ್ತದೆ.

ರೇಷ್ಮೆಗೂಡಿನ ಮಾರುಕಟ್ಟೆಯನ್ನು ಬಲ್ಲ ಕನಕಪುರದವರಿಗೆ ಇದು ವಿಚಿತ್ರವೆನಿಸೀತು. (ಗೂಡಿನ ವ್ಯಾಪಾರ ಶ್ರಾವಕನಿಗೆ ಸಲ್ಲುವುದೇ ಎಂಬುದು ಬೇರೆ ಚರ್ಚೆ, ಇಲ್ಲಿಯ ಹೋಲಿಕೆ ತಕ್ಕಡಿಗೆ ಮಾತ್ರ.) ಅಲ್ಲಿ ತೂಕ ನಡೆಯುವುದು ರೈತ, ರೀಲರ್ ಇಬ್ಬರ ಕಣ್ಣೆದುರು. ಹರಾಜಿನ ಬೆಲೆ ಒಪ್ಪಿಗೆಯಾಗದಿದ್ದರೆ ಗೂಡು ಕೊಡದಿರುವ ಹಕ್ಕು ರೈತನದು. ಗೂಡನ್ನೂ ಇಟ್ಟುಕೊಂಡು ಹಣವನ್ನೂ ಕೊಡೆನೆನ್ನುವ ರೀಲರನನ್ನು ಯಾರು ಸಹಿಸಿಯಾರು?

ಗ್ರಂಥದ ಕೊರತೆಯಿರುವುದು ದೋಷದ ವಿಚಾರಣೆಯಲ್ಲಿ. ಈ ಕ್ರೌರ್ಯ ಬಹುಮಟ್ಟಿಗೆ ಗಣಕ ವ್ಯವಸ್ಥೆಯ ಅಲಕ್ಷ್ಯದ ಫಲ, ಬೇಕೆಂದು ಮಾಡಿದ ಕೇಡಲ್ಲ ಎಂಬುದು ಲೇಖಕರ ಒಲವು. ನಿಜವಿರಬಹುದು. ಆದರೆ ಅಲಕ್ಷ್ಯವೆಂದೊಡನೆ ದೋಷ ಹಗುರಾಗುವುದು ಹೇಗೆ? ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಹಿಂಸೆಯ ಲಕ್ಷಣದಲ್ಲಿ ಮೊದಲು ಇಡುವುದೇ ಪ್ರಮತ್ತಯೋಗವನ್ನು. ಅದೇ ಅಧ್ಯಾಯ ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಹೀನಾಧಿಕ ಮಾನೋನ್ಮಾನವನ್ನು, ಅಂದರೆ ಕೊಳ್ಳಲು ಒಂದು ಅಳತೆ, ಕೊಡಲು ಇನ್ನೊಂದು ಅಳತೆ ಇರಿಸಿಕೊಳ್ಳುವುದನ್ನು, ಎಣಿಸುತ್ತದೆ. ಇಪ್ಪತ್ತು ನಿಮಿಷ ಹಿಡಿಯುವ ಕೆಲಸವನ್ನು ಐದು ನಿಮಿಷದ್ದೆಂದು ಬೆಲೆ ಕಟ್ಟುವುದು ಅದಕ್ಕಿಂತ ಬೇರೆಯಲ್ಲ.

ಬೇರೆ ದಾರಿಯೇ ಇಲ್ಲವೆನ್ನುವಂತಿಲ್ಲ. ಬೆಂಗಳೂರಿನ ‘ಕಾರ್ಯ’ ಸಂಸ್ಥೆ ಮೊಬೈಲಿನಲ್ಲಿ ಕನ್ನಡ ವಾಕ್ಯಗಳನ್ನು ಓದಿ ಧ್ವನಿ ಕೊಡುವ ಹಳ್ಳಿಗರಿಗೆ ಗಂಟೆಗೆ ಸುಮಾರು 5 ಡಾಲರ್ ಸಲ್ಲಿಸುತ್ತಿರುವುದನ್ನು 2023ರಲ್ಲಿ ‘ಟೈಮ್’ ಪತ್ರಿಕೆ ವರದಿ ಮಾಡಿತು. ಆ ಧ್ವನಿ ಮತ್ತೆ ಮಾರಾಟವಾದರೆ ಅವರಿಗೂ ಪಾಲುಂಟು. ಹೆಚ್ಚು ಜನರಿಗೆ ಕೆಲಸ ಹಂಚಲೆಂದು ಒಬ್ಬರ ಗಳಿಕೆಗೆ ಮಿತಿಯನ್ನೂ ಇಡಲಾಗಿತ್ತು.

ಹಳೆಯ ಕಡತಗಳನ್ನೂ ದಾನಿಗಳ ಪಟ್ಟಿಯನ್ನೂ ಗಣಕಕ್ಕೆ ಏರಿಸಲು ಬಸದಿಯ ಟ್ರಸ್ಟುಗಳು ಇಂಥ ಸೇವೆಯತ್ತ ತಿರುಗುವುದು ಸಹಜ. ಆಗ ಮೊದಲ ಹತ್ತು ಪುಟಗಳನ್ನು ಟ್ರಸ್ಟಿನವರೊಬ್ಬರೇ ಕುಳಿತು ಬೆರಳಚ್ಚು ಮಾಡಿ, ಹಿಡಿದ ಹೊತ್ತನ್ನು ಬರೆದಿಟ್ಟುಕೊಂಡು, ಬಳಿಕ ಪುಟಕ್ಕಿಷ್ಟೆಂದು ದರ ಗೊತ್ತುಮಾಡಲಿ. ತಪ್ಪಿದೆಯೆಂದು ತಳ್ಳಿದ ಪುಟವನ್ನು ತಿದ್ದಿ ಬಳಸುವುದಾದರೆ ಅದಕ್ಕೂ ಹಣ ಸಲ್ಲಲಿ.