ಅಕ್ಷರಗುಂಡು ಮತ್ತು ಗೋಡೆ ಕಟ್ಟಿದ ಕಾವಲು: ಚಳ್ಳಕೆರೆ–ಮೊಳಕಾಲ್ಮೂರು ಪರಿಸರದ ಐತಿಹ್ಯ, ವದಂತಿ ಮತ್ತು ವಾಸ್ತವ

ಐತಿಹ್ಯವೆಂದರೆ ಹಿಂದಿನ ಕಾಲದ್ದು, ಹಳ್ಳಿಯದು, ಓದುಬರಹ ಬಾರದವರ ನಡುವೆ ಹುಟ್ಟಿದ್ದು ಎಂಬ ಗ್ರಹಿಕೆ ಜಾನಪದ ಅಧ್ಯಯನದಲ್ಲಿ ಬಹುಕಾಲ ಬೇರೂರಿತ್ತು. ಹೆದ್ದಾರಿ, ಕಾರು, ಅಂಗಡಿ ಸಾಲುಗಳ ನಡುವೆಯೂ ಐತಿಹ್ಯ ಹುಟ್ಟಿ ಬೆಳೆಯುತ್ತದೆ ಎಂಬುದನ್ನು ಅಮೆರಿಕದ ವಿದ್ವಾಂಸ ಜಾನ್ ಹೆರಾಲ್ಡ್ ಬ್ರನ್‌ವಾಂಡ್ ಅವರ ‘ದಿ ವ್ಯಾನಿಷಿಂಗ್ ಹಿಚ್‌ಹೈಕರ್’ (1981) ಕೃತಿ ಮನವರಿಕೆ ಮಾಡಿಕೊಟ್ಟಿತು. ‘ನಗರ ಐತಿಹ್ಯ’ ಎಂಬ ಪರಿಕಲ್ಪನೆ ವಿದ್ವತ್ ವಲಯದಾಚೆಗೂ ಪರಿಚಿತವಾದದ್ದು ಮುಖ್ಯವಾಗಿ ಆ ಕೃತಿಯಿಂದ. ಕರ್ನಾಟಕದಲ್ಲಿ ಇದಕ್ಕೆ ಎಲ್ಲರೂ ಬಲ್ಲ ನಿದರ್ಶನ 1990ರ ದಶಕದ ‘ನಾಳೆ ಬಾ’ ಪ್ರಸಂಗ. ಪರಿಚಿತರ ದನಿಯಲ್ಲಿ ಹೆಸರು ಹಿಡಿದು ಕೂಗುವ ದೆವ್ವವನ್ನು ಬಾಗಿಲ ಮೇಲೆ ಬರೆದ ಎರಡು ಪದಗಳು ಹಿಂದಿರುಗಿಸುತ್ತವೆ ಎಂಬ ಆ ಕಥನ ಬೆಂಗಳೂರಿನ ಬಡಾವಣೆಗಳಲ್ಲಿಯೂ ಹಳ್ಳಿಗಳಲ್ಲಿಯೂ ಸಂಚರಿಸಿತು. ಆದ್ದರಿಂದ ‘ನಗರ’ ಎಂಬ ವಿಶೇಷಣ ಕನ್ನಡದ ಸಂದರ್ಭಕ್ಕೆ ಪೂರ್ತಿಯಾಗಿ ಒಗ್ಗುವುದಿಲ್ಲ. ‘ಸಮಕಾಲೀನ ಐತಿಹ್ಯ’ ಎನ್ನುವುದು ಹೆಚ್ಚು ಸಮಂಜಸ.

ಇಂತಹ ಕಥನಗಳ ವಿಮರ್ಶೆಯಲ್ಲಿ ಸಾಮಾನ್ಯವಾಗಿ ಎರಡು ಧೋರಣೆಗಳು ಕಂಡುಬರುತ್ತವೆ. ಅವುಗಳನ್ನು ಸುಳ್ಳೆಂದು ತಳ್ಳಿಹಾಕುವುದು ಒಂದು. ಜನರ ಮಾತೆಂಬ ಕಾರಣಕ್ಕೇ ಸತ್ಯವೆಂದು ಎತ್ತಿಹಿಡಿಯುವುದು ಇನ್ನೊಂದು. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ಮತ್ತು ಚಳ್ಳಕೆರೆ ತಾಲ್ಲೂಕುಗಳ ಎರಡು ನಿದರ್ಶನಗಳನ್ನು ಜೊತೆಯಾಗಿಟ್ಟು ನೋಡಿದರೆ ಈ ಎರಡೂ ಧೋರಣೆಗಳು ಸಾಲವು ಎಂಬುದು ಸ್ಪಷ್ಟವಾಗುತ್ತದೆ.

1. ಓದಲಾಗದ ಅಕ್ಷರ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರಗಳಲ್ಲಿರುವ ಅಶೋಕನ ಶಾಸನಗಳನ್ನು ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದರು. ಅದಕ್ಕೆ ಮೊದಲೂ ಊರವರಿಗೆ ಈ ಬಂಡೆಗಳು ಅಪರಿಚಿತವಾಗಿರಲಿಲ್ಲ. ಬ್ರಹ್ಮಗಿರಿಯ ಬಂಡೆಯನ್ನು ಅವರು ‘ಅಕ್ಷರಗುಂಡು’ ಎಂದು ಕರೆಯುತ್ತಿದ್ದರು. ಆ ಅಕ್ಷರಗಳಿಗೆ ರೋಗ ನಿವಾರಿಸುವ ಶಕ್ತಿಯಿದೆ ಎಂಬ ನಂಬಿಕೆಯೂ ಇತ್ತು.

ಈ ನಂಬಿಕೆಯನ್ನು ಮೌಢ್ಯವೆಂದು ಕರೆಯುವ ಮೊದಲು ಒಂದು ಸಂಗತಿಯನ್ನು ಗಮನಿಸಬೇಕು. ಬಂಡೆಯ ಮೇಲಿರುವುದು ಬಿರುಕಲ್ಲ, ಬರಹ ಎಂಬುದನ್ನು ಜನ ಸರಿಯಾಗಿಯೇ ಗುರುತಿಸಿದ್ದರು. ಬ್ರಾಹ್ಮಿಯನ್ನು ಓದಬಲ್ಲವರು ನೂರಾರು ವರ್ಷಗಳ ಕಾಲ ಎಲ್ಲಿಯೂ ಇರಲಿಲ್ಲ. ಜೇಮ್ಸ್ ಪ್ರಿನ್ಸೆಪ್ ಆ ಲಿಪಿಯನ್ನು ಬಿಡಿಸಿದ್ದು 1837ರಲ್ಲಿ. ಬರಹವೆಂದು ತಿಳಿದಿದೆ, ಮಹತ್ವದ್ದೆಂದೂ ತೋರುತ್ತದೆ, ಆದರೆ ಅರ್ಥ ದೊರೆಯುತ್ತಿಲ್ಲ. ಈ ತೆರವಿನಲ್ಲಿ ಅಕ್ಷರ ಔಷಧಿಯಾಯಿತು. ‘ನಾಳೆ ಬಾ’ ಎಂಬ ಬಾಗಿಲ ಬರಹದಲ್ಲಿಯೂ ಅಕ್ಷರವೇ ಕಾಯುವ ಶಕ್ತಿ ಎಂಬುದನ್ನು ನೆನೆದರೆ, ಈ ಆಶಯದ ನಿರಂತರತೆ ಅರಿವಾಗುತ್ತದೆ.

ಶಾಸನದಲ್ಲಿ ರೋಗದ ಪ್ರಸ್ತಾಪವೇನೂ ಇಲ್ಲ. ಸುವರ್ಣಗಿರಿಯ ಆರ್ಯಪುತ್ರ ಮತ್ತು ಮಹಾಮಾತ್ರರು ಇಸಿಲದ ಮಹಾಮಾತ್ರರಿಗೆ ಕಳುಹಿಸಿದ ಆಜ್ಞೆ ಅದು. ತಂದೆತಾಯಿಯರ ಸೇವೆ, ಜೀವಿಗಳಲ್ಲಿ ದಯೆ, ಗುರುಗೌರವ, ಸತ್ಯವಚನ ಇವನ್ನು ಅದು ವಿಧಿಸುತ್ತದೆ. ಕೊನೆಯಲ್ಲಿ ಚಪಡನೆಂಬ ಲಿಪಿಕಾರ ತನ್ನ ವೃತ್ತಿಸೂಚಕ ಪದವನ್ನು ವಾಯವ್ಯ ಭಾರತದ ಖರೋಷ್ಠಿಯಲ್ಲಿ ಬರೆದಿದ್ದಾನೆ. ಎಂದರೆ, ಕೆತ್ತಿದ ದಿನವೂ ಆ ಪದವನ್ನು ಓದಬಲ್ಲ ಸ್ಥಳೀಯರು ವಿರಳವೇ ಇದ್ದಿರಬೇಕು.

ಇಲ್ಲಿನ ಎಲ್ಲ ಜನಪದ ವಿವರಣೆಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಜಟಿಂಗ ರಾಮೇಶ್ವರದ ಶಾಸನವಿರುವ ಬಂಡೆಗೆ ‘ಬಳೆಗಾರ ಗುಂಡು’ ಎಂಬ ಹೆಸರು ಬಂದದ್ದು ಜಾತ್ರೆಯಲ್ಲಿ ಬಳೆಗಾರರು ಅಲ್ಲಿ ಸೇರುತ್ತಿದ್ದುದರಿಂದ. ಇದು ಕಟ್ಟುಕತೆಯಲ್ಲ, ಬಳಕೆಯ ದಾಖಲೆ. ಅದೇ ಬೆಟ್ಟದಲ್ಲಿ ರಾವಣನೊಡನೆ ಹೋರಾಡಿ ಜಟಾಯು ಬಿದ್ದನೆಂಬುದು ಸ್ಥಳಪುರಾಣ. ಅದು ಸಾಕ್ಷ್ಯದ ಪರೀಕ್ಷೆಗೆ ಒಳಪಡುವ ಹೇಳಿಕೆಯೇ ಅಲ್ಲ. ಅಕ್ಷರದ ಔಷಧೀಯ ಶಕ್ತಿಯಾದರೋ ಪರೀಕ್ಷೆಗೆ ಒಳಪಡಬಲ್ಲ ಹೇಳಿಕೆ. ಈ ಮೂರು ಬಗೆಗಳನ್ನು ಬೇರ್ಪಡಿಸದ ವಿಮರ್ಶೆ ಮೊದಲ ಹೆಜ್ಜೆಯಲ್ಲಿಯೇ ಎಡವುತ್ತದೆ. ಓದಿನಿಂದ ಐತಿಹ್ಯ ನಾಶವಾಗುವುದಿಲ್ಲ, ರೂಪಾಂತರ ಹೊಂದುತ್ತದೆ ಎಂಬುದಕ್ಕೂ ಇಲ್ಲಿಯೇ ಸಾಕ್ಷಿಯಿದೆ: ಸಿದ್ದಾಪುರ ಇಂದು ‘ಅಶೋಕ ಸಿದ್ದಾಪುರ’ವಾಗಿದೆ.

2. ತಿಳಿಸದೆ ಎದ್ದ ಗೋಡೆ

ಎರಡನೆಯ ನಿದರ್ಶನ ನೆರೆಯ ಚಳ್ಳಕೆರೆ ತಾಲ್ಲೂಕಿನದು, ತೀರ ಈಚಿನದು. ಮೈಸೂರು ಅರಸರ ‘ಬೆಣ್ಣೆ ಚಾವಡಿ’ಯಾಗಿ ಮೊದಲಾಗಿ, ಟಿಪ್ಪುವಿನ ಕಾಲದಲ್ಲಿ ಅಮೃತ್‌ಮಹಲ್ ಎಂಬ ಹೆಸರು ಪಡೆದ ಪಶುಪಾಲನಾ ವ್ಯವಸ್ಥೆಗೆ ಸೇರಿದ ವಿಶಾಲ ಹುಲ್ಲುಗಾವಲುಗಳು ಇಲ್ಲಿವೆ. ದೇವರ ಎತ್ತುಗಳನ್ನು ಸಾಕುವ ಮ್ಯಾಸಬೇಡರು, ಕಾಡುಗೊಲ್ಲರು, ಕುರಿ ಸಾಕಿ ಕಂಬಳಿ ನೇಯುವ ಕುರುಬರು ಈ ನೆಲವನ್ನು ಆಶ್ರಯಿಸಿದವರು. ಅವರಿಗೆ ಕಾವಲು ಎಂಬುದು ಮೇವಿನ ಹೆಸರು ಮಾತ್ರವಲ್ಲ, ದೇವರ ದನಗಳ ನೆಲೆಯೂ ಹೌದು.

ಕುದಾಪುರ, ಉಳ್ಳಾರ್ತಿ ಮತ್ತು ವರವು ಕಾವಲುಗಳಲ್ಲಿ ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಗೆ 4,290 ಎಕರೆ, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810, ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಮತ್ತು ಇಸ್ರೋಗೆ 573 ಎಕರೆ ಹಂಚಿಕೆಯಾಯಿತು. ಗೋಡೆ, ಬೇಲಿಗಳು ಎದ್ದು ದನಕುರಿಗಳ ದಾರಿ ಮುಚ್ಚಿದಾಗ ವಿವಾದ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠದವರೆಗೂ ಹೋಯಿತು.

2015ರ ಡಿಸೆಂಬರ್‌ನಲ್ಲಿ ಅಮೆರಿಕದ ‘ಫಾರಿನ್ ಪಾಲಿಸಿ’ ಪತ್ರಿಕೆ, ಹೈಡ್ರೋಜನ್ ಬಾಂಬಿಗೆ ನೆರವಾಗುವ ‘ಗುಪ್ತ ಅಣುನಗರ’ವೊಂದು ಚಳ್ಳಕೆರೆಯಲ್ಲಿ ನಿರ್ಮಾಣವಾಗುತ್ತಿದೆ ಎಂಬ ವರದಿ ಪ್ರಕಟಿಸಿತು. 2017ರ ಫೆಬ್ರವರಿಯಲ್ಲಿ ಪಾಕಿಸ್ತಾನದ ವಿದೇಶಾಂಗ ವಕ್ತಾರರು ‘ಗುಪ್ತ ಅಣುನಗರ’ದ ಮಾತನ್ನೆತ್ತಿದರು, ಅದು ಕಲ್ಪನೆಯ ಸೃಷ್ಟಿಯೆಂದು ಭಾರತ ತಳ್ಳಿಹಾಕಿತು. ಈ ಕಥನ ಓದುಬರಹ ಬಾರದವರಿಂದ ಹುಟ್ಟಿದ್ದಲ್ಲ. ಬರಹದಲ್ಲಿ ರೂಪುಗೊಂಡು, ರಾಜತಾಂತ್ರಿಕರ ಬಾಯಲ್ಲಿ ಬೆಳೆಯಿತು ಎಂಬುದು ಗಮನಾರ್ಹ.

ಇದರ ಎಳೆಗಳನ್ನು ಬಿಡಿಸಿದರೆ ದೊರೆಯುವುದಿಷ್ಟು. ಯುರೇನಿಯಂ ಸಂವರ್ಧನಾ ಘಟಕದ ಯೋಜನೆ ನಿಜ. ಆದರೆ ಅದು ಗುಪ್ತವಾಗಿರಲಿಲ್ಲ. ಅಣುಶಕ್ತಿ ಆಯೋಗದ ಅಂದಿನ ಅಧ್ಯಕ್ಷ ಶ್ರೀಕುಮಾರ್ ಬ್ಯಾನರ್ಜಿ 2011ರಲ್ಲಿಯೇ ಟಿವಿ ಸಂದರ್ಶನವೊಂದರಲ್ಲಿ ಚಿತ್ರದುರ್ಗದ ಘಟಕದ ಬಗೆಗೆ ಹೇಳಿದ್ದರು. ಬಾಂಬಿನ ಮಾತು ತಜ್ಞರ ಅನುಮಾನವೇ ಹೊರತು ದೃಢಪಟ್ಟ ಸಂಗತಿಯಲ್ಲ. ‘ನಗರ’ವೆಂಬುದು ಬೇರೆಬೇರೆ ಸಂಸ್ಥೆಗಳ ನಿವೇಶನಗಳನ್ನು ಒಂದೇ ಚಿತ್ರವಾಗಿಸಿದ ಕಥನತಂತ್ರ. ಇಷ್ಟಾದರೂ ದೂರದ ವಾಹಿನಿಯಲ್ಲಿ ಆಡಿದ ಮಾತು ಗೋಡೆಯ ಪಕ್ಕದ ಕಿಲಾರಿಗೆ ತಿಳಿಸಿದಂತಾಗುವುದಿಲ್ಲ.

ವಿಷಯದ ಮಹತ್ವ ಮತ್ತು ಅದರ ಅಸ್ಪಷ್ಟತೆ, ಇವೆರಡರ ಗುಣಲಬ್ಧವೇ ವದಂತಿಯ ಬಲ. ಒಂದು ಶೂನ್ಯವಾದರೆ ವದಂತಿಯೂ ಶೂನ್ಯ ಎಂದು ಆಲ್‌ಪೋರ್ಟ್ ಮತ್ತು ಪೋಸ್ಟ್‌ಮನ್ 1947ರಲ್ಲಿ ಪ್ರತಿಪಾದಿಸಿದರು. ವರವು ಕಾವಲಿನ ವೈಮಾನಿಕ ಪರೀಕ್ಷಾ ವಲಯ 2017ರ ಮೇ 28ರಂದು ಬಹಿರಂಗವಾಗಿ ಉದ್ಘಾಟನೆಗೊಂಡಿತು. 2023ರ ಏಪ್ರಿಲ್ 2ರಂದು ಇಸ್ರೋದ ಮರುಬಳಕೆಯ ಉಡಾವಣಾ ವಾಹನ ಅಲ್ಲಿ ತಾನಾಗಿ ಇಳಿದ ಚಿತ್ರಗಳು ಪತ್ರಿಕೆಗಳಲ್ಲಿ ಬಂದವು. 2019ರ ಸೆಪ್ಟೆಂಬರ್ 17ರಂದು ಜೋಡಿಚಿಕ್ಕೇನಹಳ್ಳಿ ಬಳಿ ಚಾಲಕರಹಿತ ವಿಮಾನ ರುಸ್ತುಂ–2 ಬಿದ್ದಾಗ ಜನ ಹೋಗಿ ಕಣ್ಣಾರೆ ಕಂಡರು. ಅದು ಏನೆಂಬುದನ್ನು ಸಂಸ್ಥೆಯೂ ತಿಳಿಸಿತು. ಕಂಡ, ಹೆಸರಿಸಿದ ವಸ್ತುವಿನ ಸುತ್ತ ‘ಗುಪ್ತನಗರ’ದಂತಹ ಕಥನಕ್ಕೆ ಎಡೆ ಕಡಿಮೆ. ಅದು ಅಂಟಿಕೊಂಡದ್ದು ಕಾಣದ, ಕೇಳಿದರೂ ಉತ್ತರ ಬಾರದ ಉಳ್ಳಾರ್ತಿಗೆ.

3. ಸಹಾನುಭೂತಿಯ ಮಿತಿ

ಹಾಗೆಂದು ವದಂತಿಯನ್ನು ಜನರ ಪ್ರತಿರೋಧವೆಂದಷ್ಟೇ ಕೊಂಡಾಡುವುದು ಅಪಾಯಕರ. 2018ರ ಮೇ ತಿಂಗಳಿನಲ್ಲಿ ಮಕ್ಕಳ ಕಳ್ಳರ ವದಂತಿಗೆ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದಿದ್ದ ಯುವಕನೊಬ್ಬ ಬಲಿಯಾದ. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ಅನುಮಾನಕ್ಕೆ ಕಾರಣವಾಗಿ ಹೈದರಾಬಾದಿನ ತಂತ್ರಜ್ಞನೊಬ್ಬ ಗುಂಪಿನ ಹಲ್ಲೆಯಿಂದ ಸತ್ತ. ಇಲ್ಲಿಯೂ ಮಹತ್ವ, ಅಸ್ಪಷ್ಟತೆಗಳೆರಡೂ ಇದ್ದವು. ತಾಯ್ತಂದೆಯರ ಭಯವೂ ನಿಜವಾಗಿತ್ತು. ಆದರೆ ಭಯ ನಿಜವೆಂದ ಮಾತ್ರಕ್ಕೆ ಆರೋಪ ನಿಜವಾಗಲಿಲ್ಲ. ಅಕ್ಷರಗುಂಡಿನ ನಂಬಿಕೆ ಯಾರತ್ತಲೂ ಬೆರಳು ತೋರಿಸುವುದಿಲ್ಲ. ಅಪರಿಚಿತನನ್ನು ಗುರಿಯಾಗಿಸುವ ವದಂತಿ ಕೊಲ್ಲುತ್ತದೆ. ಯಾರ ಮೇಲೆ ಭಾರ ಬೀಳುತ್ತದೆ ಎಂಬ ಪ್ರಶ್ನೆಯನ್ನು ವಿಮರ್ಶೆ ಕೈಬಿಡುವಂತಿಲ್ಲ.

4. ಸಮಾರೋಪ

ಆದ್ದರಿಂದ ಸಮಕಾಲೀನ ಐತಿಹ್ಯದ ಅಧ್ಯಯನದಲ್ಲಿ ಹೇಳಿಕೆಯ ಸತ್ಯವನ್ನೂ ಅದರ ಹುಟ್ಟಿಗೆ ಕಾರಣವಾದ ಸ್ಥಿತಿಯ ಸತ್ಯವನ್ನೂ ಬೇರೆಬೇರೆಯಾಗಿ ಪರಿಶೀಲಿಸುವುದು ಅವಶ್ಯಕ. ‘ಗುಪ್ತ ಅಣುನಗರ’ ಅತಿಶಯೋಕ್ತಿ ಎಂದು ತೀರ್ಮಾನಿಸಿ ಕಡತ ಮುಚ್ಚಿದರೆ, ಕಾವಲು ಕಳೆದುಕೊಂಡ ಪಶುಪಾಲಕರ ಅಹವಾಲೂ ಅದರೊಡನೆ ಮುಚ್ಚಿಹೋಗುತ್ತದೆ. ಅದನ್ನು ಅಕ್ಷರಶಃ ನಂಬಿದರೆ, ಅತಿಶಯೋಕ್ತಿ ಬಯಲಾದ ದಿನ ಆ ಅಹವಾಲೂ ಸುಳ್ಳೆನಿಸಿಕೊಳ್ಳುತ್ತದೆ. ಎರಡರಿಂದಲೂ ನಷ್ಟ ಒಂದೇ ಜನರಿಗೆ.

ಅಕ್ಷರಗುಂಡಿನಲ್ಲಿ ಸಂದೇಶವಿತ್ತು, ಓದುವವರಿರಲಿಲ್ಲ. ಕಾವಲಿನ ಗೋಡೆಯ ಎದುರು ಓದಬಲ್ಲವರಿದ್ದರು, ಸಂದೇಶವೇ ಇರಲಿಲ್ಲ. ಬ್ರಹ್ಮಗಿರಿಯ ಶಾಸನ ಸತ್ಯವನ್ನೇ ನುಡಿಯಬೇಕೆಂದು ವಿಧಿಸುವಾಗ, ಆ ಆಜ್ಞೆಯನ್ನು ಮೊದಲು ಕಳುಹಿಸಿದ್ದು ಇಸಿಲದ ಅಧಿಕಾರಿಗಳಿಗೆ ಎಂಬುದು ಈ ಸಂದರ್ಭದಲ್ಲಿ ನೆನಪಿಡಬೇಕಾದ ಸಂಗತಿ.