ವಚನಭಂಗವೂ ಭಗವತ್ಕೃಪೆಯೂ

ಪೂಜ್ಯರ ಚರಿತ್ರೆಯಲ್ಲಿ ದೋಷವು ಕಂಡುಬಂದರೆ ಅದನ್ನು ಮುಚ್ಚಿಬಿಡುವುದು ಭಕ್ತರಿಗೆ ಸಹಜವಾದ ಪ್ರವೃತ್ತಿ; ಆ ದೋಷವೊಂದನ್ನೇ ಹಿಡಿದು ಪೂಜ್ಯತೆಯನ್ನು ಅಲ್ಲಗಳೆಯುವುದು ಆಕ್ಷೇಪಕರಿಗೆ ಸುಲಭವಾದ ಮಾರ್ಗ. ಈ ಎರಡನ್ನೂ ಬಿಟ್ಟು, ದೋಷವನ್ನು ದೋಷವೆಂದೇ ಹೇಳಿ, ದೋಷಿಯಾದವನಿಂದಲೂ ದೈವಸಂಕಲ್ಪವು ನೆರವೇರಿತೆಂದು ತೋರಿಸುವ ಕಥೆಗಳು ವಿರಳ. ಅಂತಹ ಎರಡು ಕಥೆಗಳು ಕನ್ನಡ ವಾಚಕರಿಗೆ ಪರಿಚಿತವಾಗಿವೆ. ಒಂದು, ಕೊಡಗಿನ ಮನೆಮನೆಗಳಲ್ಲಿ ಹೇಳಲ್ಪಡುವ ಕಾವೇರಿಯ ಕಥೆ. ಮತ್ತೊಂದು, 1200ರ ಸುಮಾರಿನಲ್ಲಿದ್ದ ಹಂಪೆಯ ಹರಿಹರನ ನಂಬಿಯಣ್ಣನ ರಗಳೆ. ಎರಡರಲ್ಲಿಯೂ ಪತಿಯು ಪತ್ನಿಗೆ ಅಗಲುವುದಿಲ್ಲವೆಂದು ಮಾತು ಕೊಟ್ಟು ತಪ್ಪುತ್ತಾನೆ. ಎರಡನ್ನೂ ಜೊತೆಯಲ್ಲಿಟ್ಟು ನೋಡಿದರೆ ಒಂದರ ಬೆಳಕಿನಲ್ಲಿ ಇನ್ನೊಂದು ಸ್ಪಷ್ಟವಾಗುವುದು.

ಬ್ರಹ್ಮನ ಮಗಳಾಗಿ, ಕವೇರಮುನಿಗೆ ಸಾಕುಮಗಳಾಗಿ ಬೆಳೆದ ಕಾವೇರಿಗೆ ಇದ್ದ ಹಂಬಲವೊಂದೇ: ನದಿಯಾಗಿ ಹರಿದು ಲೋಕಕ್ಕೆ ಉಪಕಾರ ಮಾಡಬೇಕೆಂಬುದು. ಅಗಸ್ತ್ಯನು ಆಕೆಯನ್ನು ವರಿಸಬಂದಾಗ, ತನ್ನನ್ನು ಒಂಟಿಯಾಗಿ ಬಿಟ್ಟು ಹೋದರೆ ತಾನು ಸ್ವತಂತ್ರಳೆಂಬ ನಿಯಮದ ಮೇಲೆ ಆಕೆ ಒಪ್ಪಿದಳು. ಒಂದು ದಿನ ಮುನಿಯು ಆಕೆಯನ್ನು ಕಮಂಡಲುವಿನಲ್ಲಿರಿಸಿ, ಶಿಷ್ಯರ ಕಾವಲಿಗೆ ಒಪ್ಪಿಸಿ, ಕನಕೆಯಲ್ಲಿ ಸ್ನಾನಕ್ಕೆ ಹೋದನು. ಆಕೆ ಉಕ್ಕಿ ಹರಿದಳು. ಶಿಷ್ಯರು ತಡೆಯಹೋದರೆ ನೆಲದೊಳಗೆ ಇಳಿದು ಭಾಗಮಂಡಲದಲ್ಲಿ ಮೇಲೆದ್ದಳು. ಬಲಮುರಿಯಲ್ಲಿ ಪ್ರವಾಹದ ರಭಸಕ್ಕೆ ಸ್ತ್ರೀಯರ ಸೀರೆಯ ನೆರಿಗೆಗಳು ಹಿಂದಕ್ಕೆ ತಿರುಗಿದುವೆಂದು ಕೊಡವತಿಯರ ಉಡುಗೆಗೆ ಇಂದಿಗೂ ಕಾರಣ ಹೇಳುವರು. ಕೊಡವ ಭಾಷೆಯಲ್ಲಿ ನಾಟಕಗಳನ್ನು ರಚಿಸಿದ ಹರದಾಸ ಅಪ್ಪಚ್ಚ ಕವಿಯೂ (1868-1944) ಕಾವೇರಿಯ ಈ ಕಥೆಯನ್ನು ನಾಟಕವಾಗಿಸಿದನು.

ಇಲ್ಲಿ ಅಗಸ್ತ್ಯನ ತಪ್ಪು ದೊಡ್ಡದೆಂದು ತೋರದು. ಸ್ನಾನವು ಧರ್ಮಕಾರ್ಯವೇ, ಕಾವಲನ್ನೂ ಇಟ್ಟು ಹೋಗಿದ್ದಾನೆ. ಆದರೆ ಕೊಟ್ಟ ಮಾತು ಕಾವಲಿನದಲ್ಲ, ಸಾನ್ನಿಧ್ಯದ್ದು. ಧರ್ಮಿಷ್ಠರು ಮಾತು ತಪ್ಪುವ ರೀತಿಯೇ ಇದು: ಅಧರ್ಮಕ್ಕಾಗಿ ಅಲ್ಲ, ಮತ್ತೊಂದು ಧರ್ಮದ ನೆಪದಿಂದ. ಕಾಗೆಯ ರೂಪದಿಂದ ಬಂದ ಗಣಪತಿಯು ಕಮಂಡಲುವನ್ನು ಉರುಳಿಸಿದನೆಂಬ ಪಾಠವೂ ಪ್ರಚಾರದಲ್ಲಿದೆ. ಆ ಪಾಠದಲ್ಲಿ ವಿನೋದವಿದೆ, ಮುನಿಯ ಮಾನವೂ ಉಳಿಯುತ್ತದೆ. ಆದರೆ ಕಥೆಯ ಸತ್ವವು ಕಾಗೆಯೊಡನೆ ಹಾರಿಹೋಗುತ್ತದೆ. ಕೊಡಗಿನ ಪಾಠವು ತಪ್ಪನ್ನು ಮುನಿಯ ಮೇಲೆಯೇ ಇಟ್ಟಿರುವುದು ಅದರ ಹಿರಿಮೆ.

ಹೀಗೆ ಹೊರಟ ನೀರು ಸುಮಾರು 800 ಕಿಲೋಮೀಟರು ಹರಿದು ಸಮುದ್ರವನ್ನು ಸೇರುವ ಬಯಲಿನಲ್ಲಿಯೇ ತಿರುವಾರೂರು ಇದೆ; ನಂಬಿಯಣ್ಣನ ಮೊದಲ ಪ್ರೇಯಸಿ ಪರವೆಯ ಊರು ಅದು. ಶಿವಭಕ್ತರ ಸಾಲಿನಲ್ಲಿ ನಂಬಿಯಷ್ಟು ಭೋಗಿಯಾದವನು ಅಪೂರ್ವ. ಪರವೆಯಿರುವಾಗಲೇ ತಿರುವೊತ್ತಿಯೂರಿನ ಸಂಕಿಲೆಯನ್ನು ಬಯಸಿದನು, ಅಗಲೆನೆಂದು ಆಣೆಯಿಟ್ಟು ಪಡೆದನು, ಆಣೆಯನ್ನು ಮೀರಿ ಹೊರಟನು, ಕಣ್ಣುಗಳನ್ನು ಕಳೆದುಕೊಂಡನು. ಮರಳಿ ದೃಷ್ಟಿ ಪಡೆದು ಬಂದಾಗ ಪರವೆಯು ಮುನಿದಿದ್ದಳು. ಆ ಮುನಿಸನ್ನು ತಿಳಿಸಲು ದೂತನಾಗಿ ನಡೆದವನು ಸ್ವಯಂ ಶಿವನು!

ಹರಿಹರನು ಈ ಪ್ರಸಂಗಕ್ಕೆ ನಾಚುವುದಿಲ್ಲ, ನಂಬಿಯ ಪರವಾಗಿ ವಕಾಲತ್ತನ್ನೂ ವಹಿಸುವುದಿಲ್ಲ. ಕುರುಡನ್ನು ಕೊಟ್ಟವನೂ ದೂತನಾದವನೂ ಒಬ್ಬನೇ ಎಂಬುದರಲ್ಲಿ ಕಾವ್ಯದ ತಿರುಳಿದೆ. ಶಿಕ್ಷೆಯಿಲ್ಲದ ಕೃಪೆಯಾಗಿದ್ದರೆ ಅದು ಪಕ್ಷಪಾತವೆನಿಸುತ್ತಿತ್ತು. ಕೃಪೆಯಿಲ್ಲದ ಶಿಕ್ಷೆಯಾಗಿದ್ದರೆ ಬರಿಯ ನ್ಯಾಯಾಸ್ಥಾನದ ತೀರ್ಪಾಗುತ್ತಿತ್ತು. ಆದರೆ ಒಂದು ಕೊರತೆಯನ್ನು ಹೇಳದಿರಲಾಗದು. ಮಾತು ಮುರಿದದ್ದು ಸಂಕಿಲೆಗೆ. ದೂತನು ನಡೆದದ್ದು ಪರವೆಯ ಮನೆಗೆ. ನೊಂದವಳ ಪಾಲಿನ ಲೆಕ್ಕವು ಇಲ್ಲಿ ಪೂರ್ತಿಯಾಗಿ ಚುಕ್ತವಾಗುವುದಿಲ್ಲ. ಕಾವೇರಿಯ ಕಥೆ ಈ ವಿಷಯದಲ್ಲಿ ಮೇಲಾದುದು. ಅಲ್ಲಿ ವಚನಭಂಗದ ಫಲವು ಮೊದಲು ಸಲ್ಲುವುದು ವಂಚಿತಳಾದವಳಿಗೇ. ಆಕೆ ಬಯಸಿದ್ದ ಬಿಡುಗಡೆಯೇ ಲೋಕದ ಅನ್ನವಾಯಿತು. ಅರ್ಧಾಂಶದಿಂದ ಲೋಪಾಮುದ್ರೆಯಾಗಿ ಪತಿಯೊಡನೆಯೂ ಉಳಿದಳೆಂಬ ಮಾತಿನಲ್ಲಿ ಕ್ಷಮೆಗೂ ಎಡೆಯಿದೆ.

ದೈವವು ಉಪಯೋಗಿಸಿಕೊಂಡಿತೆಂಬ ಮಾತ್ರಕ್ಕೆ ತಪ್ಪು ಒಪ್ಪಾಗುವುದೆ? ಈ ಪ್ರಶ್ನೆಯನ್ನು ಕೊಡಗಿನ ಜನ ಕಲ್ಲಿನಲ್ಲಿಯೂ ಕಂಡಿದ್ದಾರೆ. ಮಡಿಕೇರಿಯ ಓಂಕಾರೇಶ್ವರ ದೇವಾಲಯವನ್ನು 1820ರಲ್ಲಿ ಲಿಂಗರಾಜೇಂದ್ರನು ಕಟ್ಟಿಸಿದನು. ಬ್ರಾಹ್ಮಣನೊಬ್ಬನನ್ನು ಕೊಲ್ಲಿಸಿದ ಪಾಪವು ಪೀಡಿಸಿದುದರಿಂದ ಕಾಶಿಯ ಲಿಂಗವನ್ನು ತರಿಸಿ ಪ್ರತಿಷ್ಠಿಸಿದನೆಂದು ಐತಿಹ್ಯ. ಎರಡು ಶತಮಾನಗಳಿಂದ ಅಲ್ಲಿ ಪೂಜೆ ನಡೆದಿದೆ; ಆ ಐತಿಹ್ಯವನ್ನೂ ಜನರು ಮರೆತಿಲ್ಲ. ಕೈಮುಗಿಯುವವರು ದೇವರಿಗೆ ಕೈಮುಗಿಯುವರೇ ಹೊರತು ಕೊಲೆಗೆ ಅಲ್ಲ. ಅರಸನ ಪಾಪವನ್ನು ಅಳಿಸದೆಯೇ ಗುಡಿಯನ್ನು ಪವಿತ್ರವೆಂದು ಒಪ್ಪಿದ ಈ ಜನವಿವೇಕವು ಅನೇಕ ವ್ಯಾಖ್ಯಾನಕಾರರ ಪಾಂಡಿತ್ಯಕ್ಕಿಂತ ಮಿಗಿಲಾದುದು.

ನಂಬಿಯು ಎಡವಿದನೆಂದು ತಮ್ಮ ಎಡವುವಿಕೆಗೆ ಅನುಮತಿಯನ್ನು ಹುಡುಕುವವರು ರಗಳೆಯನ್ನು ಅರ್ಧ ಮಾತ್ರ ಓದಿದವರು. ಅವನು ತಡವಿಕೊಂಡು ನಡೆದ ದಾರಿಯನ್ನು ಅವರು ಬಿಟ್ಟಿದ್ದಾರೆ. ಎಡವಿದವನಿಗೆ ಇನ್ನು ಯಾವ ಕಾರ್ಯಕ್ಕೂ ಅರ್ಹತೆಯಿಲ್ಲವೆನ್ನುವವರೂ ಅರ್ಧವನ್ನೇ ಓದಿದವರು. ದೂತನಾಗಿ ಬಂದವನನ್ನು ಅವರು ನೋಡಲಿಲ್ಲ. ಪ್ರತಿವರ್ಷ ಅಕ್ಟೋಬರ್ ತಿಂಗಳ ತುಲಾಸಂಕ್ರಮಣದಲ್ಲಿ ಬ್ರಹ್ಮಗಿರಿಯ ತಪ್ಪಲಿಗೆ ಬರುವ ಸಾವಿರಾರು ಮಂದಿ ತೀರ್ಥವನ್ನು ತುಂಬಿಕೊಂಡು ಮನೆಗೆ ಒಯ್ಯುವರು. ಮುನಿಯೊಬ್ಬನು ಮಾತು ತಪ್ಪಿದ ಸ್ಥಳವದು ಎಂಬುದನ್ನು ಮಕ್ಕಳಿಗೆ ಹೇಳಿಯೇ ಆ ತೀರ್ಥವನ್ನು ಕೊಡುವುದು ಉಚಿತ.