ಎಂಡೊಮೆಟ್ರಿಯೋಸಿಸ್‌ಗೆ ಪಥ್ಯ: ಪುರಾವೆ ಎಷ್ಟು ಗಟ್ಟಿ?

ಮುಟ್ಟಿನ ದಿನಗಳ ಹೊಟ್ಟೆನೋವು ಎಲ್ಲರಿಗೂ ಬರುವುದೇ ಎಂದು ಹೇಳಿ ಹೆಣ್ಣುಮಕ್ಕಳನ್ನು ಸುಮ್ಮನಾಗಿಸುವುದು ನಮ್ಮಲ್ಲಿ ರೂಢಿ. ಆದರೆ ಶಾಲೆಗೆ ಹೋಗಲಾಗದಷ್ಟು ತೀವ್ರವಾದ ನೋವಿನ ಹಿಂದೆ ಕೆಲವೊಮ್ಮೆ ಎಂಡೊಮೆಟ್ರಿಯೋಸಿಸ್ ಎಂಬ ಕಾಯಿಲೆ ಇರುತ್ತದೆ. ಗರ್ಭಾಶಯದ ಒಳಪೊರೆಯನ್ನು ಹೋಲುವ ಅಂಗಾಂಶವು ಗರ್ಭಾಶಯದ ಹೊರಗೆ, ಅಂದರೆ ಅಂಡಾಶಯ, ಅಂಡನಾಳ, ಕರುಳಿನ ಹೊರಮೈ ಮುಂತಾದ ಕಡೆ ಬೆಳೆಯುವುದೇ ಈ ಕಾಯಿಲೆ. ಈಸ್ಟ್ರೊಜನ್ ಹಾರ್ಮೋನು ಈ ಬೆಳವಣಿಗೆಯನ್ನು ಪೋಷಿಸುತ್ತದೆ. ಅಲ್ಲಿ ಉಂಟಾಗುವ ಪ್ರೊಸ್ಟಗ್ಲಾಂಡಿನ್‌ಗಳು ಉರಿಯೂತವನ್ನೂ ನೋವನ್ನೂ ಹೆಚ್ಚಿಸುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಸಂತಾನೋತ್ಪತ್ತಿಯ ವಯಸ್ಸಿನ ಮಹಿಳೆಯರಲ್ಲಿ ಸುಮಾರು ಶೇ. 10 ಮಂದಿಗೆ, ಎಂದರೆ ಜಗತ್ತಿನಲ್ಲಿ 19 ಕೋಟಿ ಜನರಿಗೆ ಈ ಕಾಯಿಲೆ ಇದೆ. ನೋವುಶಾಮಕ, ಹಾರ್ಮೋನು ಚಿಕಿತ್ಸೆ, ಶಸ್ತ್ರಚಿಕಿತ್ಸೆಗಳಿವೆ. ಪೂರ್ಣ ಗುಣಪಡಿಸುವ ಮದ್ದಿಲ್ಲ. ಆದ್ದರಿಂದಲೇ ಗೋಧಿ ಬಿಡಿ, ಹಾಲು ಬಿಡಿ, ಮೀನೆಣ್ಣೆ ಸೇವಿಸಿ ಎಂಬ ಸಲಹೆಗಳಿಗೆ ಕಿವಿಗೊಡುವವರು ಬಹಳ.

ಈ ಸಲಹೆಗಳಿಗೆ ಆಧಾರವೆಂದು ತೋರಿಸುವ ಅಧ್ಯಯನಗಳನ್ನು ಪರಿಶೀಲಿಸಿದರೆ ಮೊದಲು ಕಾಣುವುದು ಎರಡು ಬೇರೆ ಬೇರೆ ಪ್ರಶ್ನೆಗಳ ಕಲಬೆರಕೆ. ಕಾಯಿಲೆ ಯಾರಿಗೆ ಬರುತ್ತದೆ ಎಂಬುದು ಒಂದು ಪ್ರಶ್ನೆ. ಬಂದವರಿಗೆ ನೋವು ಹೇಗೆ ಕಡಿಮೆಯಾಗುತ್ತದೆ ಎಂಬುದು ಇನ್ನೊಂದು. 2010ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 70,709 ದಾದಿಯರ ಆಹಾರವನ್ನು 12 ವರ್ಷ ಗಮನಿಸಲಾಯಿತು. 1,199 ಮಂದಿಯಲ್ಲಿ ಲ್ಯಾಪರೋಸ್ಕೋಪಿಯಿಂದ ಕಾಯಿಲೆ ಖಚಿತವಾಯಿತು. ಟ್ರಾನ್ಸ್ ಕೊಬ್ಬನ್ನು ಅತಿ ಹೆಚ್ಚು ತಿಂದವರಲ್ಲಿ, ಅತಿ ಕಡಿಮೆ ತಿಂದವರಿಗಿಂತ, ಅಪಾಯ ಶೇ. 48 ಹೆಚ್ಚಿತ್ತು. ಮೀನಿನಲ್ಲಿರುವಂಥ ಒಮೆಗಾ-3 ಆಮ್ಲಗಳನ್ನು ಅತಿ ಹೆಚ್ಚು ಸೇವಿಸಿದವರಲ್ಲಿ ಶೇ. 22 ಕಡಿಮೆ. ಇದು ಉಪಯುಕ್ತ ಸುಳಿವು, ಸಂದೇಹವಿಲ್ಲ. ಆದರೆ ಈಗಾಗಲೇ ನರಳುತ್ತಿರುವವಳಿಗೆ ಮೀನೆಣ್ಣೆಯಿಂದ ನೋವು ಇಳಿಯುವುದೆಂದು ಇದರಿಂದ ಹೇಳಲು ಬರುವುದಿಲ್ಲ.

ಇದೇ ದಾದಿಯರ ಗುಂಪಿನಿಂದ 2018ರಲ್ಲಿ ಬಂದ ಇನ್ನೊಂದು ವಿಶ್ಲೇಷಣೆ ಸ್ವಾರಸ್ಯಕರ. ದಿನಕ್ಕೊಮ್ಮೆಯಾದರೂ ಕಿತ್ತಳೆ ಜಾತಿಯ ಹಣ್ಣು ತಿನ್ನುವವರಲ್ಲಿ ಅಪಾಯ ಶೇ. 22 ಕಡಿಮೆ. ಅದೇ ಪ್ರಮಾಣದಲ್ಲಿ ಕೋಸಿನ ಜಾತಿಯ ತರಕಾರಿ ತಿನ್ನುವವರಲ್ಲಿ ಶೇ. 13 ಹೆಚ್ಚು! ಹಾಗೆಂದು ಎಲೆಕೋಸು ಕಾಯಿಲೆ ತರುತ್ತದೆ ಎನ್ನಬಹುದೇ? ಕೋಸು ತಿಂದು ಹೊಟ್ಟೆ ಉಬ್ಬರಿಸಿದವರು ವೈದ್ಯರ ಬಳಿ ಹೆಚ್ಚು ಹೋಗಿ, ತಪಾಸಣೆಯಲ್ಲಿ ಕಾಯಿಲೆ ಪತ್ತೆಯಾಗಿರಲೂ ಸಾಧ್ಯ. ಪಥ್ಯದ ಪ್ರಚಾರಕರು ಕಿತ್ತಳೆಯ ಅಂಕಿಯನ್ನು ಎತ್ತಿ ಹೇಳಿ ಕೋಸಿನ ಅಂಕಿಯನ್ನು ಬಿಟ್ಟುಬಿಟ್ಟರೆ ಅದು ವಿಜ್ಞಾನವಲ್ಲ, ಆಯ್ಕೆ.

ಈಗ ನೋವಿನ ಪ್ರಶ್ನೆಗೆ ಬರೋಣ. ಗ್ಲುಟೆನ್ ಬಿಡಬೇಕೆನ್ನುವವರು ಮುಖ್ಯವಾಗಿ ಅವಲಂಬಿಸುವುದು 2012ರ ಇಟಲಿಯ ಅಧ್ಯಯನವನ್ನು. ತೀವ್ರ ನೋವಿದ್ದ 207 ಮಹಿಳೆಯರು 12 ತಿಂಗಳು ಗ್ಲುಟೆನ್‌ರಹಿತ ಆಹಾರ ತಿಂದರು. 156 ಮಂದಿ, ಎಂದರೆ ಶೇ. 75, ನೋವು ಇಳಿದಿದೆಯೆಂದರು. ಆದರೆ ಹೋಲಿಸಿ ನೋಡಲು ಗ್ಲುಟೆನ್ ಬಿಡದ ಇನ್ನೊಂದು ಗುಂಪೇ ಇರಲಿಲ್ಲ. ನೋವು ಏರಿಳಿಯುವ ಸ್ವಭಾವದ್ದು. ಅತಿ ಹೆಚ್ಚಿದ್ದಾಗ ಅಧ್ಯಯನಕ್ಕೆ ಸೇರಿದವರಿಗೆ ಏನೂ ಮಾಡದಿದ್ದರೂ ಕೊಂಚ ಇಳಿಯಬಹುದು.

ಹೋಲಿಕೆ ಗುಂಪು ಏಕೆ ಬೇಕೆಂಬುದಕ್ಕೆ 2020ರಲ್ಲಿ ಪ್ರಕಟವಾದ ಬಾಸ್ಟನ್ನಿನ ಪ್ರಯೋಗಕ್ಕಿಂತ ಒಳ್ಳೆಯ ಉದಾಹರಣೆ ತರಗತಿಗೆ ಸಿಗಲಾರದು. ಎಂಡೊಮೆಟ್ರಿಯೋಸಿಸ್ ಇದ್ದ 69 ಹುಡುಗಿಯರು ಹಾಗೂ ಯುವತಿಯರನ್ನು ಯಾದೃಚ್ಛಿಕವಾಗಿ ಮೂರು ಗುಂಪು ಮಾಡಿ 6 ತಿಂಗಳು ವಿಟಮಿನ್ ಡಿ, ಮೀನೆಣ್ಣೆ ಅಥವಾ ಪ್ಲಾಸಿಬೊ ಎಂಬ ಹುಸಿಮದ್ದನ್ನು ಕೊಡಲಾಯಿತು. ಹತ್ತರ ಮಾಪನದಲ್ಲಿ ವಿಟಮಿನ್ ಡಿ ಗುಂಪಿನ ನೋವು 7.0ರಿಂದ 5.5ಕ್ಕೆ ಇಳಿಯಿತು. ಇಷ್ಟನ್ನೇ ಪ್ರಕಟಿಸಿದ್ದರೆ ವಿಟಮಿನ್ ಡಿ ಮಾತ್ರೆಗಳ ಮಾರಾಟ ಹೆಚ್ಚುತ್ತಿತ್ತೇನೋ! ಆದರೆ ಹುಸಿಮದ್ದು ನುಂಗಿದವರಲ್ಲೂ ನೋವು 6.0ರಿಂದ 4.4ಕ್ಕೆ ಇಳಿದಿತ್ತು. ಮೀನೆಣ್ಣೆ ಪಡೆದವರಲ್ಲಿ ಆದ ಇಳಿಕೆ ಇವೆರಡರ ಸುಮಾರು ಅರ್ಧದಷ್ಟು ಮಾತ್ರ. ಗುಂಪುಗಳು ಚಿಕ್ಕವು, ಒಪ್ಪೋಣ. ಆದರೂ ಇಟಲಿಯ ಶೇ. 75ರಲ್ಲಿ ಹುಸಿಮದ್ದಿನ ಪಾಲೆಷ್ಟು ಎಂದು ಕೇಳದೆ ಇರಲಾಗದು.

ಹಾಗಾದರೆ ಆಹಾರಕ್ಕೆ ಯಾವ ಪಾತ್ರವೂ ಇಲ್ಲವೇ? ಇದೆ. ಈ ಕಾಯಿಲೆಯಿರುವ ಅನೇಕರಿಗೆ ಹೊಟ್ಟೆಯುಬ್ಬರ, ಮಲಬದ್ಧತೆ, ಭೇದಿಗಳೂ ಕಾಡುತ್ತವೆ. ಸಣ್ಣ ಕರುಳಿನಲ್ಲಿ ಸರಿಯಾಗಿ ಹೀರಲ್ಪಡದ ಕೆಲವು ಶರ್ಕರಗಳು ದೊಡ್ಡ ಕರುಳಿನ ಬ್ಯಾಕ್ಟೀರಿಯಗಳಿಂದ ಹುದುಗಿ ಅನಿಲವಾಗುತ್ತವೆ. ಇವಕ್ಕೆ ಒಟ್ಟಾಗಿ ಫಾಡ್‌ಮ್ಯಾಪ್ ಎಂಬ ಹೆಸರಿದೆ. ಆಸ್ಟ್ರೇಲಿಯದ ಮೊನಾಶ್ ವಿಶ್ವವಿದ್ಯಾಲಯದವರು 2025ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 35 ಮಹಿಳೆಯರಿಗೆ ತಲಾ 28 ದಿನ ಫಾಡ್‌ಮ್ಯಾಪ್ ಕಡಿಮೆಯಿರುವ ಆಹಾರವನ್ನೂ, ಮತ್ತೆ 28 ದಿನ ಹೋಲಿಕೆಯ ಆಹಾರವನ್ನೂ ಕೊಟ್ಟರು. ಮೊದಲಿನದರಿಂದ ಶೇ. 60 ಮಂದಿಗೆ ಕರುಳಿನ ತೊಂದರೆ ಇಳಿಯಿತು, ಎರಡನೆಯದರಿಂದ ಶೇ. 26 ಮಂದಿಗೆ. ನಾನು ಓದಿದವುಗಳಲ್ಲಿ ಆಹಾರದ ಪರವಾಗಿ ನಿಲ್ಲುವ ಗಟ್ಟಿ ಪುರಾವೆ ಇದೇ. ಗೋಧಿಯಲ್ಲಿ ಗ್ಲುಟೆನ್ ಮಾತ್ರವಲ್ಲ, ಫಾಡ್‌ಮ್ಯಾಪ್ ವರ್ಗದ ಫ್ರುಕ್ಟಾನ್ ಕೂಡ ಇದೆ. ಇಟಲಿಯವರು ಗ್ಲುಟೆನ್‌ಗೆ ಕೊಟ್ಟ ಶ್ರೇಯಸ್ಸು ಫ್ರುಕ್ಟಾನ್‌ಗೆ ಸಲ್ಲಬೇಕಾದದ್ದೂ ಇರಬಹುದು. ಇಷ್ಟಾಗಿಯೂ ಮೊನಾಶ್ ಪ್ರಯೋಗ ಅಳೆದದ್ದು ಕರುಳಿನ ತೊಂದರೆಯನ್ನು. ಗರ್ಭಾಶಯದ ಹೊರಗಿನ ಅಂಗಾಂಶ ಕರಗಿತೆಂದು ಅದು ಹೇಳುವುದಿಲ್ಲ.

ಈ ಪಥ್ಯವನ್ನು ನಮ್ಮ ಅಡುಗೆಮನೆಗೆ ಹಾಗೆಯೇ ತಂದರೆ ಏನಾಗುತ್ತದೆ? ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಹಾಲು, ಜತೆಗೆ ಬೇಳೆಕಾಳುಗಳಲ್ಲಿ ಹೆಚ್ಚಿನವು ಮಿತಿಗೆ ಒಳಪಡುತ್ತವೆ. ಸಸ್ಯಾಹಾರಿ ಮನೆಯ ಹುಡುಗಿಗೆ ಪ್ರೋಟೀನಿನ ಮುಖ್ಯ ಮೂಲವೇ ಬೇಳೆ ಮತ್ತು ಹಾಲು. ಮುಟ್ಟಿನಲ್ಲಿ ರಕ್ತ ಹೆಚ್ಚು ಹೋಗಿ ಮೊದಲೇ ರಕ್ತಹೀನತೆಯಿದ್ದರೆ ತೊಂದರೆ ಇಮ್ಮಡಿಸುತ್ತದೆ. ಮೊನಾಶ್‌ನವರ ಕ್ರಮದಲ್ಲೂ ಕಟ್ಟುನಿಟ್ಟಿನ ಹಂತ ಕೆಲವೇ ವಾರಗಳದು. ಅನಂತರ ಒಂದೊಂದೇ ಆಹಾರವನ್ನು ಮರಳಿ ಸೇರಿಸಿ ಯಾವುದು ತೊಂದರೆ ಕೊಡುತ್ತದೆಂದು ಪತ್ತೆಹಚ್ಚಬೇಕು. ಇದಕ್ಕೆ ಆಹಾರತಜ್ಞರ ನೆರವು ಬೇಕು. ಅದಕ್ಕೂ ಮೊದಲು ನೋವಿಗೆ ಕಾರಣವೇನೆಂದು ಸ್ತ್ರೀರೋಗ ತಜ್ಞರು ನೋಡಿರಬೇಕು. ಈ ಕಾಯಿಲೆ ಪತ್ತೆಯಾಗಲು ಹಲವು ವರ್ಷ ಹಿಡಿಯುವುದು ಸಾಮಾನ್ಯ. ತಪಾಸಣೆಯಿಲ್ಲದೆ ಪಥ್ಯ ಮಾಡುತ್ತ ಕುಳಿತರೆ ಆ ವರ್ಷಗಳಿಗೆ ಇನ್ನಷ್ಟು ಸೇರುತ್ತವೆ.